ಕೈ ಬಿಟ್ಟರೆ ನಿಲ್ಲುವ ಗಾಡಿ

ವೆಂಗುರ್ಲೆ
೧೮ ನವೆಂಬರ್ ೧೯೮೬

ಚಿರಂಜೀವಿ ಮೋರೂ,

ಸಾವಧಾನ, ತಮ್ಮಾ, ಸಾವಧಾನ! ಮೃದಂಗಕ್ಕೆ ಪೆಟ್ಟು ಬಿದ್ದಿದೆ, ಪರದೆ ಸರಿದಿದೆ, ಧುರಿ ಮನೆತನದ ಹಿರಿಮಗ ದತ್ತಾರಾಮ ರಾಜನ ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು ನಿನಗೆ ಆಜ್ಞಾಪತ್ರ ಬರೆಯುತ್ತಿದ್ದಾನೆ. ಎದ್ದು ನಿಂತು ಓದು!

ಸುನಂದಾಳ ಕಾಗದ ತಲುಪಿತು. ಹನ್ನೊಂದು ತಿಂಗಳಲ್ಲಿ ಮೂವರು ನೀನು ಓಡಿಸುವ ಮುಂಬಯಿ ಲೋಕಲ್ ರೈಲುಗಾಡಿಯ ಮುಂದೆ ಬಂದು ನಿಂತರು, ಮೂವರೂ ಉಳಿಯಲಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದೆಂದರೆ, ನೀನು ನಿದ್ದೆಯಲ್ಲಿ ಅವಳ ಮಣಿಕಟ್ಟನ್ನೇ ಗಾಡಿಯ ಹಿಡಿಕೆ ಎಂದುಕೊಂಡು ಒತ್ತುತ್ತೀಯಂತೆ. ಎರಡು ಸಲ ಬಳೆ ಒಡೆದಿವೆಯಂತೆ. ರೈಲ್ವೆ ದವಾಖಾನೆಯ ಡಾಕ್ಟರ್ ಬಾಯಿ, ಆ ಹೆಣ್ಣುಮಗಳು, ನಿನ್ನ ತೋಳಿಗೆ ಒತ್ತಡದ ಪಟ್ಟಿ ಕಟ್ಟಿ ನೋಡಿ, "ಮೋಟರ್‌ಮನ್, ನಿಮ್ಮ ರಕ್ತ ನಿಮ್ಮ ಗಾಡಿಗಿಂತ ಜೋರಾಗಿ ಓಡ್ತಾ ಇದೆಯಲ್ರೀ!" ಅಂದರಂತೆ. ಮಾರ್ಚ್ ಎರಡಕ್ಕೆ ಮತ್ತೆ ಪರೀಕ್ಷೆ. ಅಷ್ಟರೊಳಗೆ ರಕ್ತದೊತ್ತಡ ಇಳಿಯದಿದ್ದರೆ ನಿನ್ನನ್ನೇ ಗಾಡಿಯಿಂದ ಇಳಿಸುತ್ತಾರೆ.

ಇಳಿಸುವುದೇ? ಹದಿನೆಂಟು ವರ್ಷ ಸಿಡಿಲಿನಂತೆ ಗಾಡಿ ಓಡಿಸಿದವನನ್ನು?

ಎದೆ ಹೊಡೆದುಕೊಳ್ಳುತ್ತದೆಯೇ? ಹೊಡೆದುಕೊಳ್ಳಲಿ! ರಾಜನ ಪ್ರವೇಶಕ್ಕೆ ಮುಂಚೆ ನನ್ನದೂ ಹೊಡೆದುಕೊಳ್ಳುತ್ತದೆ. ಆಗ ಪರದೆಯ ಹಿಂದೆ ನಿಂತು ಗದರುತ್ತೇನೆ: "ಲೇ ಎದೆಯೇ, ಧಣಿ ನಾನು, ನೀನು ಬರೀ ಮೃದಂಗದವನು. ನಾನು ಹೇಳಿದಾಗ ಬಾರಿಸು, ಹೇಳಿದಾಗ ನಿಲ್ಲಿಸು!" ರಂಗಕ್ಕೆ ಕಾಲಿಟ್ಟೊಡನೆ ಅದು ಬಾಲ ಮುದುರಿಕೊಂಡು ಕೂರುತ್ತದೆ. ನಮ್ಮ ದಶಾವತಾರದ ಆಟದಲ್ಲಿ ಬರೆದಿಟ್ಟ ಮಾತಿಲ್ಲ, ಪಕ್ಕದಲ್ಲಿ ಹೇಳಿಕೊಡುವವನಿಲ್ಲ, ಬಾಯಿಗೆ ಬಂದದ್ದೇ ನಾಟಕ. ಆದರೂ ನನಗೆ ಹೆದರಿಕೆಯಿಲ್ಲ. ಯಾಕೆ? ಎಲ್ಲಾ ನನ್ನ ಕೈಯಲ್ಲಿದೆ ಎಂದು ನಂಬಿದ್ದೇನೆ. ನೀನೂ ನಂಬು. ಹಿಡಿಕೆ ಹಿಡಿದವನು ನೀನು, ಹಿಂದೆ ಕೂತವರೆಲ್ಲ ನಿನ್ನ ಪ್ರಜೆಗಳು!

ನಿನ್ನ ದಾದಾ,
ರಾಜಾಪಾರ್ಟು ದತ್ತಾರಾಮ


ಕಲ್ಯಾಣ
೨ ಡಿಸೆಂಬರ್ ೧೯೮೬

ತೀರ್ಥರೂಪ ದಾದಾಗೆ ಮೋರೇಶ್ವರನ ನಮಸ್ಕಾರ.

ನಿನ್ನ ಆಜ್ಞಾಪತ್ರವನ್ನು ನಿಂತೇ ಓದಿದೆ. ಸುನಂದಾ ನಕ್ಕಳು. ಬಹಳ ದಿನದ ಮೇಲೆ ನಕ್ಕಳು.

ಆದರೆ ದಾದಾ, ಎಲ್ಲಾ ನನ್ನ ಕೈಯಲ್ಲಿದೆ ಎಂದು ನಾನು ನಂಬಿಲ್ಲವೆಂದು ನಿನಗೆ ಯಾರು ಹೇಳಿದರು? ನಂಬಿದ್ದೇ ನನ್ನ ರೋಗ.

ಆ ಹಿಡಿಕೆಯನ್ನು ನೀನು ನೋಡಿದ್ದೀಯ. ಗಾಡಿ ಓಡುವಷ್ಟು ಹೊತ್ತೂ ಅದನ್ನು ಕೆಳಗೆ ಒತ್ತಿಯೇ ಹಿಡಿದಿರಬೇಕು. ಕೈ ಬಿಟ್ಟರೆ ಬ್ರೇಕು ತಾನಾಗಿ ಬೀಳುತ್ತದೆ. ಓಡಿಸುವವನು ಕೂತಲ್ಲೇ ಸತ್ತರೂ ಹಿಂದಿನ ಜನ ಉಳಿಯಲಿ ಎಂದು ಮಾಡಿದ ಏರ್ಪಾಡು. ಆದರೆ ಬ್ರೇಕು ಬಿದ್ದ ಮೇಲೂ ಗಾಡಿ ಫರ್ಲಾಂಗುಗಟ್ಟಲೆ ಜಾರಿಕೊಂಡು ಹೋಗುತ್ತದೆ. ಆ ದೂರದಲ್ಲಿ ನಾನು ಹಾರ್ನ್ ಒತ್ತಿ ನೋಡುತ್ತಾ ಕೂರಬೇಕು, ಅಷ್ಟೇ. ಮೂರನೆಯವಳು ನನ್ನನ್ನೇ ನೋಡಿದಳು. ಕೈಯಲ್ಲಿ ತರಕಾರಿ ಚೀಲವಿತ್ತು. ಮೆಂತ್ಯದ ಸೊಪ್ಪು ಹೊರಗೆ ಕಾಣುತ್ತಿತ್ತು.

"ನಿನ್ನ ತಪ್ಪಲ್ಲ ಮೋರೂ" ಎಂದು ಎಲ್ಲರೂ ಹೇಳುತ್ತಾರೆ. ನನ್ನ ಕೈಯಲ್ಲಿರಲಿಲ್ಲವಾದರೆ ಯಾರ ಕೈಯಲ್ಲಿತ್ತು? ಯಾರ ಕೈಯಲ್ಲೂ ಇರಲಿಲ್ಲ ಎಂದಾದರೆ ನಾಳೆಯೂ ಇರುವುದಿಲ್ಲ. ಆ ಯೋಚನೆಯನ್ನು ನನ್ನಿಂದ ತಡೆದುಕೊಳ್ಳಲು ಆಗುವುದಿಲ್ಲ. ಅದಕ್ಕಿಂತ ನನ್ನ ತಪ್ಪೇ ಎಂದುಕೊಳ್ಳುವುದು ಸುಲಭ.

ಹಾಗಾಗಿ ನಿಯಮ ಮಾಡಿಕೊಂಡಿದ್ದೇನೆ. ಎಡ ದವಡೆಯಲ್ಲಿ ಏಲಕ್ಕಿ ಇರಬೇಕು. ಮುಂಬ್ರಾ ತಿರುವು ದಾಟುವವರೆಗೆ ಉಸಿರು ಬಿಡಬಾರದು. ಹಿಡಿಕೆಯ ಮೇಲೆ ಹೆಬ್ಬೆರಳು ಅಲುಗಬಾರದು. ನಲವತ್ತೊಂದು ದಿನ ಯಾರೂ ಅಡ್ಡ ಬರಲಿಲ್ಲ. ನಲವತ್ತೆರಡನೆಯ ದಿನ ಏಲಕ್ಕಿ ಮರೆತೆ. ಅಂದೂ ಯಾರೂ ಬರಲಿಲ್ಲ. ನೆಮ್ಮದಿಯಾಗಬೇಕಿತ್ತಲ್ಲವೇ? ಕೊನೆಯ ಸ್ಟೇಷನ್ ವಿ.ಟಿ.ಯಲ್ಲಿ ಇಳಿದು ನಾಡಿ ಹಿಡಿದು ಎಣಿಸಿದರೆ ನಿಮಿಷಕ್ಕೆ ನೂರಾ ಹದಿನೆಂಟು.

ಕೆಲಸ ಮುಗಿಸಿ ಪ್ರಯಾಣಿಕನಾಗಿ ಮನೆಗೆ ಬರುವಾಗ ಇನ್ನೂ ಕಷ್ಟ. ಗಾಡಿ ಸ್ಟೇಷನ್ ಹತ್ತಿರ ಬಂದಂತೆಲ್ಲ ಬಲಗಾಲು ತಾನಾಗಿ ನೆಲ ಒತ್ತುತ್ತದೆ, ಅಲ್ಲೊಂದು ಬ್ರೇಕು ಇರುವಂತೆ. ಎದುರು ಕೂತ ಹುಡುಗಿ ಕೇಳಿದಳು: "ಕಾಕಾ, ಇರುವೆ ತುಳೀತಿದ್ದೀರಾ?"

ಹಿಡಿಕೆ ಹಿಡಿದರೂ ಸಿಕ್ಕಿಬಿದ್ದಿದ್ದೇನೆ, ಹಿಡಿಯದಿದ್ದರೂ ಸಿಕ್ಕಿಬಿದ್ದಿದ್ದೇನೆ. ನಿನಗೆ ಎದೆಯನ್ನು ಗದರಲು ಬರುತ್ತದೆ. ನನ್ನ ಎದೆಗೆ ನನ್ನ ಮಾತು ಕೇಳಿಸುವುದಿಲ್ಲ.

ಮೋರೂ


ಸಾವಂತವಾಡಿ
೨೨ ಡಿಸೆಂಬರ್ ೧೯೮೬

ಮೋರೂ,

ಸಿಕ್ಕಿತು! ರೋಗದ ಬೇರು ಸಿಕ್ಕಿತು! ನಿನ್ನ ಕಾಗದದ ತುಂಬ ಕೈ, ಕೈ, ಕೈ. ಪಾಪ, ಆ ಕೈಗೆ ಹದಿನೆಂಟು ವರ್ಷದಿಂದ ಬಿಡುವಿಲ್ಲ. ಬಿಡುವಿಲ್ಲದ ಕೈ ಎದೆಗೆ ದೂರು ಒಯ್ದಿದೆ, ಅಷ್ಟೇ ಕಥೆ. ಇಷ್ಟು ಸಣ್ಣ ವಿಷಯಕ್ಕೆ ನೀನು ಮೂರು ಪುಟ ಅತ್ತಿದ್ದೀಯ.

ನೀನು ಒಮ್ಮೆ ಕದ್ದು ನನ್ನನ್ನು ಮುಂದಿನ ಡಬ್ಬಿಯಲ್ಲಿ ಕೂರಿಸಿಕೊಂಡು ಹೋಗಿದ್ದೆಯಲ್ಲ, ಆಗ ನಾನು ಆ ಹಿಡಿಕೆಯನ್ನು ಗೇಣು ಹಾಕಿ ನೋಡಿದ್ದೆ. ಇಲ್ಲಿ ಅರಗಿನ ಆಟಿಕೆ ಮಾಡುವ ಕೃಷ್ಣಾ ಚಿತಾರಿ ನನ್ನ ಗೆಳೆಯ. ಅದೇ ಅಳತೆಗೆ ಹಲಸಿನ ಮರದಲ್ಲಿ ಒಂದು ಬೆಣೆ ಮಾಡಿಸಿದೆ, ಈ ಕಾಗದದ ಜೊತೆ ಪೊಟ್ಟಣದಲ್ಲಿದೆ. "ಇದೇನು ದತ್ತೂ, ತೊಟ್ಟಿಲಿಗೋ ಗಾಣಕ್ಕೋ?" ಅಂದ. "ಒಂಬತ್ತು ಡಬ್ಬಿಯ ಐರಾವತಕ್ಕೆ ಕಣಯ್ಯಾ!" ಅಂದೆ. ಬಾಯಿ ಬಿಟ್ಟವನು ಇನ್ನೂ ಮುಚ್ಚಿಲ್ಲ.

ಹಿಡಿಕೆ ಒತ್ತು, ಬೆಣೆ ಸಿಕ್ಕಿಸು, ಕೈ ಬಿಡು, ಪೇರಲೆಹಣ್ಣು ತಿನ್ನು! ನಮ್ಮ ರಂಗದಲ್ಲಿ ಗದೆ ಒಳಗೆ ಟೊಳ್ಳು, ಕಿರೀಟ ರಟ್ಟು. ರಾಜನಾದವನು ಭಾರ ಹೊತ್ತಂತೆ ಕಾಣಬೇಕು, ಹೊರಬಾರದು. ಈ ಗುಟ್ಟು ನಿಮ್ಮ ರೈಲಿನವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಹಾಂ, ನಮ್ಮೂರಿನವರು ಯಾರಾದರೂ ಸಿಕ್ಕಿ, ದತ್ತಾರಾಮ ಈಗ ಶಂಖಾಸುರನ ಕರಿಮುಸುಕು ಹಾಕುತ್ತಾನೆ ಎಂದರೆ ನಂಬಬೇಡ. ಮಕ್ಕಳು ಕೇಳಿದರೆಂದು ಒಂದೆರಡು ಊರಲ್ಲಿ ಆ ಹಾಸ್ಯದ ರಾಕ್ಷಸನಾಗಿ ನಾಲ್ಕು ಮಾತಾಡಿದೆ, ಅಷ್ಟೇ.

ರಾಜಾಪಾರ್ಟು ದತ್ತಾರಾಮ


ಕಲ್ಯಾಣ
೨೬ ಜನವರಿ ೧೯೮೭

ದಾದಾ,

ಪೊಟ್ಟಣ ಬಿಚ್ಚಿದ ದಿನ ನಿನಗೆ ಬೈದೆ. ಹಿಡಿಕೆಗೆ ಬೆಣೆ ಇಡುವುದು ನಮ್ಮಲ್ಲಿ ಕ್ಷಮಿಸದ ತಪ್ಪು. ಊಟದ ಡಬ್ಬಿಯಲ್ಲಿ ಚಪಾತಿಯ ಕೆಳಗೆ ಅಡಗಿಸಿಟ್ಟೆ. ಎಸೆಯಲು ಮನಸ್ಸು ಬರಲಿಲ್ಲ, ಅಷ್ಟು ಚೆಂದದ ಅರಗಿನ ಕೆಂಪು.

ಹದಿಮೂರನೆಯ ದಿನ ಮಧ್ಯಾಹ್ನ ಠಾಣೆ ದಾಟಿದ ಮೇಲೆ ಕೈ ಮರಗಟ್ಟಿತು. ಸಿಕ್ಕಿಸಿದೆ. ನಿನ್ನ ಗೇಣು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಹಿಡಿಕೆ ಒತ್ತಿಕೊಂಡೇ ಕೂತಿತು. ನನ್ನ ಕೈ ಮಡಿಲಿಗೆ ಬಿತ್ತು, ಯಾರದೋ ಕೈಯಂತೆ.

ವಿ.ಟಿ.ಯಲ್ಲಿ ನಾಡಿ ಎಂಬತ್ತನಾಲ್ಕು. ಎರಡು ಸಲ ಎಣಿಸಿದೆ.

ಆಮೇಲೆ ದಿನವೂ ಸಿಕ್ಕಿಸುತ್ತಿದ್ದೇನೆ. ನಿದ್ದೆ ಬರುತ್ತಿದೆ. ಸಂಕ್ರಾಂತಿಗೆ ಸುನಂದಾ ಹೊಸ ಹಸಿರು ಬಳೆ ತೊಟ್ಟಳು, ಒಂದೂ ಒಡೆದಿಲ್ಲ. ಡಾಕ್ಟರ್ ಬಾಯಿ ನಡುವೆ ಒಮ್ಮೆ ಕರೆಸಿ ನೋಡಿ, "ಏನ್ರೀ, ಊರಿಂದ ಯಾವ ಗಿಡಮೂಲಿಕೆ ತರಿಸಿದ್ರಿ?" ಅಂದರು. ಹಲಸಿನದು ಅಂದೆ.

ನಿನಗೆ ಮಾತ್ರ ಒಂದು ಹೇಳುತ್ತೇನೆ. ಈಗ ಯಾರಾದರೂ ಅಡ್ಡ ಬಂದರೆ ಅದು ನನ್ನ ಕೈಯಲ್ಲ. ಆ ಮರಕ್ಕೆ ನಿನ್ನ ಗೇಣಿನ ಅಳತೆಯಿದೆ, ಅಂದರೆ ಅದು ನಿನ್ನ ಕೈ. ನನ್ನ ದಾದಾ ರಾಜ, ಅವನಿಗೆ ಎಲ್ಲವೂ ಕೈವಶ, ಅವನು ಹಿಡಿದುಕೊಂಡಿದ್ದಾನೆ. ಹೀಗೆಂದುಕೊಂಡರೆ ಎದೆ ತಣ್ಣಗಾಗುತ್ತದೆ. ಏಲಕ್ಕಿ ಬಿಟ್ಟೆ. ಮುಂಬ್ರಾ ತಿರುವಿನಲ್ಲಿ ಹಾಡು ಗುನುಗುತ್ತೇನೆ. ಮೊನ್ನೆಯಂತೂ ದಿವಾ ಸ್ಟೇಷನ್ನಿನಲ್ಲಿ ಯಾವಾಗ ನಿಂತೆವು, ಯಾವಾಗ ಹೊರಟೆವು ಎಂಬುದೇ ನೆನಪಿಲ್ಲ. ಅದೆಂಥ ನೆಮ್ಮದಿ ದಾದಾ!

ನಿನ್ನ ಮೋರೂ


ಮಾಲವಣ
೫ ಫೆಬ್ರವರಿ ೧೯೮೭

ಮೋರೂ,

ಜಯವಾಗಲಿ! ಆಹಾ, ಆ ಕಾಗದವನ್ನು ಇಡೀ ಕಂಪನಿಗೆ ಓದಿ ಹೇಳಬೇಕೆಂದಿದ್ದೆ, ಗುಟ್ಟೆಂದು ಹಲ್ಲು ಕಚ್ಚಿ ತಡೆದುಕೊಂಡೆ. ನಿಜ ತಮ್ಮಾ, ಅದು ನನ್ನ ಕೈಯೇ. ನಾನು ಹಿಡಿದಿದ್ದೇನೆ! ನೀನು ಆರಾಮಾಗಿ ಕೂರು. ಮಾರ್ಚ್ ಎರಡಕ್ಕೆ ಡಾಕ್ಟರ್ ಬಾಯಿಯ ಮುಂದೆ ತೋಳು ಚಾಚಿ ಎದೆಯುಬ್ಬಿಸು.

ನಿನ್ನೆ ಇಲ್ಲಿ ರಾಜನಾಗಿ ಎಂಥ ಅಬ್ಬರ ಮಾಡಿದೆನೆಂದರೆ ಸಮುದ್ರ ಎರಡು ಹೆಜ್ಜೆ ಹಿಂದೆ ಸರಿಯಿತು!

ರಾಜಾಪಾರ್ಟು ದತ್ತಾರಾಮ


ಕುಡಾಳ, ದವಾಖಾನೆ
೨೧ ಫೆಬ್ರವರಿ ೧೯೮೭

ಮೋರೂ,

ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ. ಮಲಗಿಕೊಂಡು ಬರೆದರೆ ಪೆನ್ನು ಹರಿಯುವುದಿಲ್ಲ. ಮುಂಬಯಿಗೆ ಹೋಗುವ ಎಸ್.ಟಿ. ಬಸ್ಸಿನ ಡ್ರೈವರನ ಕೈಯಲ್ಲಿ ಈ ಕಾಗದ ಕಳಿಸುತ್ತೇನೆ. ತಂತಿ ಕೊಟ್ಟರೆ ಅಂಚೆಯವರೆಲ್ಲ ಓದುತ್ತಾರೆ, ನಿನ್ನ ಕೆಲಸಕ್ಕೆ ಕುತ್ತು.

ಮೊದಲು ಮುಖ್ಯ ಮಾತು. ಆ ಬೆಣೆ ತೆಗೆ. ಈ ಕಾಗದ ಎಲ್ಲಿ ಓದುತ್ತಿದ್ದೀಯೋ ಅಲ್ಲೇ ತೆಗೆ.

ಈಗ ಯಾಕೆಂದು ಹೇಳುತ್ತೇನೆ. ದಸರೆಯಿಂದ ನನಗೆ ರಾಜಾಪಾರ್ಟು ಇಲ್ಲ. ಕೈ ನಡುಗುತ್ತಿತ್ತು, ಮಾತಿನ ನಡುವೆ ಬಾಯಿ ಬರಿದಾಗುತ್ತಿತ್ತು. ಬರೆದ ಮಾತಿದ್ದರೆ ನೆನಪಿಸಿಕೊಳ್ಳಬಹುದು, ನಮ್ಮಲ್ಲಿ ನೆನಪಿಸಿಕೊಳ್ಳಲು ಏನಿದೆ? ಕಂಪನಿಯ ಮಾಲಕ ಬಾಬೀ ನನ್ನ ಮುಖಕ್ಕೆ ಶಂಖಾಸುರನ ಮುಸುಕು ಎಳೆದ. ನಿನಗೆ ಬರೆದ ಅಬ್ಬರವೆಲ್ಲ ಆ ಮುಸುಕಿನೊಳಗೆ ಕೂತು ಬರೆದದ್ದು. ಮಾಲವಣದ ಸಮುದ್ರ ಎಲ್ಲಿಗೂ ಸರಿಯಲಿಲ್ಲ.

ಮೊನ್ನೆ ನೇರೂರಿನಲ್ಲಿ ರಾಜನ ವೇಷದವನಿಗೆ ಜ್ವರ ಬಂತು. "ದತ್ತೂ, ಒಂದು ದಿನ ನಿಭಾಯಿಸು" ಅಂದ ಬಾಬೀ. ಕಿರೀಟ ಇಟ್ಟುಕೊಂಡೆ. ಎದೆಯನ್ನು ಗದರಿದೆ, ಗದರಿದೆ, ಗದರಿದೆ. ಬೆಳ್ಳಗೆ ಬೆಳಗಾಗುವ ಹೊತ್ತಿಗೆ ಯುದ್ಧದ ಪ್ರಸಂಗ. ಗದೆ ಎತ್ತಿದೆ, ಎಡದೋಳಿನಿಂದ ದವಡೆಯವರೆಗೆ ಯಾರೋ ತಂತಿ ಬಿಗಿದಂತಾಯಿತು, ಬೆಂಚಿನಿಂದ ಕೆಳಗೆ ಬಿದ್ದೆ.

ಜನ ಚಪ್ಪಾಳೆ ತಟ್ಟಿದರು.

ಮೋರೂ, ನಮ್ಮಲ್ಲಿ ಬಾಯಿಗೆ ಬಂದದ್ದೇ ನಾಟಕವಲ್ಲವೇ? ನಾನು ಬಿದ್ದದ್ದೂ ನಾಟಕವಾಯಿತು. ರಾಕ್ಷಸನ ವೇಷದವನು ನನ್ನ ಸುತ್ತ ಕುಣಿದು, "ಏಳೆಲೋ ರಾಜಾ, ಎಷ್ಟು ಹೊತ್ತು ಈ ಸೋಗು?" ಎಂದು ಅಬ್ಬರಿಸಿದ. ಪಾಂಡೂ ಮೃದಂಗದ ವೇಗ ಏರಿಸಿದ. ನನಗೆ ಎಲ್ಲಾ ಕೇಳಿಸುತ್ತಿತ್ತು, ಕಿರುಬೆರಳು ಎತ್ತಲು ಆಗುತ್ತಿರಲಿಲ್ಲ. ರಾಣಿಯ ವೇಷದ ಗೋವಿಂದಾ ಬಂದು ನನ್ನ ಮೇಲೆ ಬಿದ್ದು ಗೋಳಾಡುತ್ತಾ ಕಿವಿಯಲ್ಲಿ, "ಸಾಕು ಏಳೋ ದತ್ತೂ, ಚಹಾ ತಣ್ಣಗಾಗ್ತಿದೆ" ಅಂದ. ಆಮೇಲೆ ನನ್ನ ಕೈ ಮುಟ್ಟಿದ. ಚೀರಿದ. ಆ ಚೀತ್ಕಾರಕ್ಕೂ ಚಪ್ಪಾಳೆ ಬಿತ್ತು.

ಹತ್ತು ನಿಮಿಷ ನಾಟಕ ನಡೆಯಿತು ತಮ್ಮಾ, ನನ್ನ ಮೇಲೆ.

ಅಲ್ಲಿ ಬಿದ್ದುಕೊಂಡು ನಿನ್ನ ಗಾಡಿ ನೋಡಿದೆ. ನೀನು ಹೀಗೆ ಬಿದ್ದರೆ ಹಲಸಿನ ಮರಕ್ಕೆ ಗೊತ್ತಾಗುವುದಿಲ್ಲ. ಒಂಬತ್ತು ಡಬ್ಬಿ ಓಡುತ್ತಲೇ ಇರುತ್ತದೆ. ಅದು ನನ್ನ ಕೈಯಲ್ಲ ಮೋರೂ. ನನ್ನ ಕೈಯಲ್ಲಿ ಏನೂ ಇಲ್ಲ. ತೆಗೆದೆ ಎಂದು ಎರಡು ಸಾಲು ಬರೆ.

ದಾದಾ


ಕುಡಾಳ
೨೭ ಫೆಬ್ರವರಿ ೧೯೮೭

ಮೋರೂ, ಯಾಕೆ ಬರೆಯುತ್ತಿಲ್ಲ?

ನಾಡಿ ಎಣಿಸುವುದನ್ನು ನರ್ಸ್ ಬಾಯಿ ಹೇಳಿಕೊಟ್ಟಳು. ಮಲಗಿದ್ದಲ್ಲೇ ನೂರಾ ಹದಿನಾರು. "ಅಪ್ಪಾ, ಹಾಸಿಗೆ ಮೇಲೆ ಯಾರ ಜೊತೆ ಓಡ್ತಿದ್ದೀರಿ?" ಅಂತ ಕೇಳಿದಳು. ದಿನವೂ ಪೇಪರು ತರಿಸಿ ಮೊದಲ ಪುಟವನ್ನು ಮೇಲಿಂದ ಕೆಳಗೆ ನೋಡುತ್ತೇನೆ. ಮುಂಬಯಿಯ ಹೆಸರು ಕಂಡರೆ ಪೇಪರು ಮಡಚುತ್ತೇನೆ, ಮತ್ತೆ ಬಿಚ್ಚುತ್ತೇನೆ. ನನ್ನ ಬಲಗಾಲು ಮಂಚದ ಕಂಬಿಯನ್ನು ಒತ್ತುತ್ತಿರುತ್ತದೆ. ನೀನು ಬರೆದದ್ದು ಈಗ ಅರ್ಥವಾಯಿತು.

ಬೈದಾದರೂ ಬರೆ.

ದಾದಾ


ಕಲ್ಯಾಣ
೫ ಮಾರ್ಚ್ ೧೯೮೭

ದಾದಾ,

ಬೇಕೆಂದೇ ಬರೆಯಲಿಲ್ಲ. ಸಿಟ್ಟಿತ್ತು. ನೀನು ನಿನ್ನದಲ್ಲದ ಕಿರೀಟ ಇಟ್ಟುಕೊಂಡು ಮಾತಾಡಿದೆ, ನಾನು ಅದನ್ನು ನಂಬಿ ಒಂಬತ್ತು ಡಬ್ಬಿ ಜನರನ್ನು ಆ ಮಾತಿಗೆ ಕಟ್ಟಿದೆ. ಒಂದೇ ಸಲ ನಿಜ ಬರೆದಿದ್ದರೆ, "ನನಗೂ ಕೈ ನಡುಗುತ್ತೆ ಕಣೋ" ಅಂದಿದ್ದರೆ, ನಾನು ಆ ಬೆಣೆಯನ್ನು ಮುಟ್ಟುತ್ತಿದ್ದೆನೇ? ಹತ್ತು ದಿನ ನೀನೂ ಏನೂ ಮಾಡಲಾಗದೆ ಕಾಯಲಿ ಅನ್ನಿಸಿತು. ದವಾಖಾನೆಯಲ್ಲಿ ಮಲಗಿದವನಿಗೆ ಹಾಗೆ ಮಾಡಬಾರದಿತ್ತು. ಅದು ನನ್ನ ತಪ್ಪು. ಇದು ಮಾತ್ರ ನಿಜವಾಗಿಯೂ ನನ್ನ ತಪ್ಪು.

ಈಗ ನಡೆದದ್ದು ಕೇಳು. ಇಪ್ಪತ್ತಮೂರರ ಮಧ್ಯಾಹ್ನ ಬಸ್ಸಿನವನು ಕಾಗದವನ್ನು ಸುನಂದಾಳ ಕೈಗೆ ಕೊಟ್ಟ. ಅವಳು ಓದಿದಳು. ಬೆಣೆಯ ವಿಷಯ ಅವಳಿಗೆ ಗೊತ್ತಾದದ್ದು ಆಗಲೇ. ಎರಡೂವರೆಯ ಗಾಡಿ ನನ್ನದೆಂದು ತಿಳಿದು ಅಡುಗೆಮನೆಯ ಸೀರೆಯಲ್ಲೇ ಪ್ಲಾಟ್‌ಫಾರ್ಮಿನ ತುದಿಗೆ ಓಡಿ ಬಂದಳು. ನಾನಾಗಲೇ ಬೆಣೆಯನ್ನು ಕೈಯಲ್ಲಿ ಹಿಡಿದಿದ್ದೆ.

ಕಿಟಕಿಯಲ್ಲಿ ಕಾಗದ ಚಾಚಿ, "ಓದಿ" ಅಂದಳು. "ಹೊರಡೋ ಹೊತ್ತು ಕಣೇ" ಅಂದೆ. "ಮೊದಲು ಓದಿ ರೀ!" ಮೇಲಿನ ನಾಲ್ಕು ಸಾಲು ಓದಿದೆ. ಹಿಂದಿನಿಂದ ಗಾರ್ಡ್ ಡಿಮೆಲ್ಲೋ ಹೊರಡಲು ಎರಡು ಸಲ ಗಂಟೆ ಬಾರಿಸಿದ. ಬೆಣೆಯನ್ನು ಅವಳ ಸೆರಗಿಗೆ ಹಾಕಿ ಬರಿಗೈಯಲ್ಲಿ ಹಿಡಿಕೆ ಒತ್ತಿದೆ. ಗಾಡಿ ಹೊರಟಿತು. ಇಪ್ಪತ್ತು ಹೆಜ್ಜೆ ಹೋಗಿರಬಹುದು, ಕೈ ಮತ್ತೆ ಕಬ್ಬಿಣವಾಯಿತು, ಹೆಬ್ಬೆರಳು ಬಿಳಿಚಿತು. ಏಲಕ್ಕಿ ಎಲ್ಲಿ ಎಂದು ನಾಲಿಗೆ ಹುಡುಕಿತು.

ಆಗ ಒಂದು ವಿಷಯ ಹೊಳೆಯಿತು. ಹದಿನೆಂಟು ವರ್ಷದಲ್ಲಿ ನಾನಾಗಿಯೇ, ಯಾರೂ ಅಡ್ಡ ಬರದೆ, ಓಡುವ ಗಾಡಿಯಲ್ಲಿ ಈ ಹಿಡಿಕೆಯನ್ನು ಒಮ್ಮೆಯೂ ಮೇಲೇಳಲು ಬಿಟ್ಟಿಲ್ಲ.

ಐದೂ ಬೆರಳು ಬಿಚ್ಚಿದೆ. ಒಂಬತ್ತು ಡಬ್ಬಿ ನಿಂತಿತು.

ಬಾಗಿಲಲ್ಲಿ ನೇತಾಡುತ್ತಿದ್ದವರ ಬೈಗುಳ ಕೇಳಬೇಕಿತ್ತು ನೀನು! "ಏ ಮೋಟರ್‌ಮನ್, ನಿದ್ದೆ ಬಂತೇನೋ?" "ಹೆಂಡ್ತಿ ಬಂದಿದಾಳೆ ನೋಡ್ರೋ, ಟಾಟಾ ಮಾಡೋಕೆ ನಿಲ್ಸಿದಾನೆ!" ನಾನು ಇಳಿದು ಹೋಗಿ ಡಿಮೆಲ್ಲೋಗೆ ಹೇಳಿದೆ: "ನನಗೆ ಹುಷಾರಿಲ್ಲ. ಬೇರೆಯವರನ್ನ ಕರೆಸಿ." ನಾಡಿ ನೂರಾ ನಾಲ್ಕು. ಬದಲಿಯವನು ಬರುವಷ್ಟರಲ್ಲಿ ಎಂಬತ್ತೆಂಟು. ಮಡಿಲಲ್ಲಿ ಕೈ ನಡುಗುತ್ತಿತ್ತು, ಆದರೆ ಅದು ನನ್ನದೇ ಕೈ.

ಮಾರ್ಚ್ ಎರಡಕ್ಕೆ ಬೆಣೆಯನ್ನು ಡಾಕ್ಟರ್ ಬಾಯಿಯ ಮೇಜಿನ ಮೇಲಿಟ್ಟು ಎಲ್ಲಾ ಹೇಳಿದೆ. ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. "ಇದನ್ನ ನಾನು ಮೇಲಿನವರಿಗೆ ಬರೀಲೇಬೇಕಾಗುತ್ತೆ ಧುರಿಯವರೇ." "ಬರೀರಿ" ಅಂದೆ. ತೋಳಿಗೆ ಪಟ್ಟಿ ಕಟ್ಟಿದರು. ಬಿಗಿಯಾದೊಡನೆ ನನ್ನ ಮುಷ್ಟಿಯೂ ಬಿಗಿಯಿತು. ಅವರು ಅದನ್ನು ನೋಡಿ ಗಾಳಿ ಬಿಡುವ ತಿರುಪನ್ನು ನನ್ನ ಬೆರಳಿಗೇ ಕೊಟ್ಟರು. "ಸಾಕು ಅನ್ನಿಸಿದಾಗ ನೀವೇ ಬಿಡಿ." ನಡುವೆ ಬಿಡುವ ಅಗತ್ಯ ಬೀಳಲಿಲ್ಲ, ಅವರು ಹೇಳಿದಾಗ ಮೆಲ್ಲಗೆ ತಿರುಗಿಸಿದೆ. ನೂರಾ ಮೂವತ್ತೆರಡು.

ಗಾಡಿ ಓಡಿಸಲು ತಕ್ಕ ಒತ್ತಡ, ಗಾಡಿ ಮಾತ್ರ ಇಲ್ಲ. ವಿಚಾರಣೆ ಮುಗಿಯುವವರೆಗೆ ಶೆಡ್ಡಿನಲ್ಲಿ ಕೂರಿಸಿದ್ದಾರೆ. ಮತ್ತೆ ಹಿಡಿಕೆ ಕೊಡುತ್ತಾರೋ ಇಲ್ಲವೋ ಗೊತ್ತಿಲ್ಲ. ಕಣ್ಣು ಮುಚ್ಚಿದರೆ ತರಕಾರಿ ಚೀಲದವಳು ಈಗಲೂ ಬರುತ್ತಾಳೆ. ಅವಳಿಗೆ ಏಲಕ್ಕಿ ತೋರಿಸುವುದಿಲ್ಲ, ಸುಮ್ಮನೆ ನೋಡುತ್ತೇನೆ.

ನೀನು ರಾಜನಲ್ಲದಿದ್ದರೂ ನನಗೇನೂ ಬೇಸರವಿಲ್ಲ. ಮುಸುಕಿದ್ದರೆ ಮುಸುಕೆಂದು ಬರೆ. ಮತ್ತೆ ರಂಗ ಹತ್ತುವ ಮುಂಚೆ ಒಂದು ಯೋಚನೆ ಮಾಡು: ಅಲ್ಲಿ ನೀನು ಕೈ ಬಿಟ್ಟರೆ ನಿಲ್ಲುವಂಥದ್ದು ಏನಿದೆ?

ಮೋರೂ


ನೇರೂರು
೯ ಮೇ ೧೯೮೭

ಮೋರೂ,

ವಿಚಾರಣೆ ಇನ್ನೂ ಮುಗಿದಿಲ್ಲವೆಂದು ಸುನಂದಾ ಬರೆದಿದ್ದಾಳೆ. ಎಲ್ಲಾ ಸರಿಹೋಗುತ್ತದೆ ಎಂದು ನಾನು ಅಬ್ಬರಿಸುವುದಿಲ್ಲ. ನನಗೂ ಗೊತ್ತಿಲ್ಲ.

"ಕುಣಿಯಬೇಡಿ, ಕೂತು ಮಾತಾಡಿ" ಅಂದರು ಇಲ್ಲಿನ ಡಾಕ್ಟರು. ಅದೇ ನೇರೂರು, ಅದೇ ಬೆಂಚು. ಶಂಖಾಸುರನ ಮುಸುಕು ಹಾಕಿ ಕೂತೆ. ಬಲಗೈಯಲ್ಲಿ ಒಂದು ಗೊಂಚಲು ಗೆಜ್ಜೆ. ಮೊದಲೇ ಪಾಂಡೂನನ್ನು ಕರೆದು ಹೇಳಿದ್ದೆ: "ಇದು ಅಲುಗ್ತಿರೋವರೆಗೂ ನಾನಿದ್ದೀನಿ. ನಿಂತರೆ ಮೃದಂಗ ನಿಲ್ಲಿಸಿ ಎದ್ದು ಬಾ."

"ನಾಟಕದ ನಡುವೆ ಮೃದಂಗ ನಿಲ್ಲಿಸಿದ್ರೆ ಬಾಬೀ ನನ್ನ ಚರ್ಮ ಸುಲಿದು ಇನ್ನೊಂದು ಮೃದಂಗ ಮಾಡಿಸ್ತಾನೆ ಕಣೋ!"

"ಮಾಡಿಸಲಿ. ಈಗಿರೋದಕ್ಕಿಂತ ಚೆನ್ನಾಗಿ ನುಡಿಯುತ್ತೆ."

ಸಂಜೆ ದೀಪ ಹಚ್ಚಿದರು, ಶುರುವಾಯಿತು. ಜನ ನಕ್ಕರು. ಮುಸುಕಿನೊಳಗೆ ಬೆವರು, ಎದೆಯಲ್ಲಿ ಅದೇ ಧಡಧಡ. ಇವರು ನಿಜವಾಗಿ ನಿಲ್ಲಿಸುತ್ತಾರೆಯೇ? ಮಾತಿನ ನಡುವೆಯೇ, ಯಾರಿಗೂ ಹೇಳದೆ, ಐದೂ ಬೆರಳು ಬಿಚ್ಚಿದೆ.

ಗೆಜ್ಜೆ ಬೆಂಚಿನ ಮೇಲೆ ಬಿತ್ತು. ಮೃದಂಗ ನಿಂತಿತು. ಹಾರ್ಮೋನಿಯಂ ನಿಂತಿತು. ಕಡಲೆಕಾಯಿ ಸುಲಿಯುತ್ತಿದ್ದ ಕೈಗಳು ನಿಂತವು. ಅಷ್ಟು ಜನರಲ್ಲಿ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಆ ಮೌನದಲ್ಲಿ ನನ್ನ ಎದೆ ನನಗೆ ಚೆನ್ನಾಗಿ ಕೇಳಿಸಿತು. ಗದರಲಿಲ್ಲ. ಎಣಿಸಿದೆ. ಇಪ್ಪತ್ತರವರೆಗೆ ಎಣಿಸುವಷ್ಟರಲ್ಲಿ ಪಾಂಡೂ ಓಡಿ ಬಂದು ಮುಸುಕಿನ ಅಂಚು ಎತ್ತಿದ.

"ಇದ್ದೀಯೇನೋ?"

"ಇದ್ದೀನಿ."

ಗೆಜ್ಜೆ ಕೈಗೆ ತೆಗೆದುಕೊಂಡೆ. ಅವನು ಹೋಗಿ ಕೂತು ಮತ್ತೆ ಬಾರಿಸತೊಡಗಿದ.

ನಿನ್ನ ದಾದಾ,
ಶಂಖಾಸುರ ದತ್ತಾರಾಮ